ಆಕ್ಟಿನೈಡುಗಳೂ ಅವನ್ನು ಪಳಗಿಸುವ ವಿದ್ಯೆಯೂ



ಕಳೆದ ಮಳೆಗಾಲದಲ್ಲಿ ಒಂದು ದಿನ ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದರು. ಹತ್ತನೆಯ ತರಗತಿಯ ಆ ಪೀರಿಯಡ್ ನನ್ನ ಪಾಲಿಗೆ ಬಂತು. ಕನ್ನಡ ಕಲಿಸುವ ನಾನು ಪುಸ್ತಕ ತೆರೆಯುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಗೋಡೆಯ ಮೇಲಿದ್ದ ಆವರ್ತ ಕೋಷ್ಟಕದ ಕಡೆಗೆ ಕೈ ತೋರಿಸಿ ಕೇಳಿದಳು: "ಸರ್, ಉಳಿದ ಮೂಲವಸ್ತುಗಳೆಲ್ಲ ಮನೆಯೊಳಗೆ ಕುಳಿತಿವೆ. ಕೆಳಗಿನ ಈ ಎರಡು ಸಾಲುಗಳನ್ನು ಮಾತ್ರ ಜಗಲಿಯಲ್ಲಿ ಕೂರಿಸಿದ್ದು ಯಾಕೆ?"

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ನನಗೆ ಉತ್ತರ ತಿಳಿದಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದು ಅಂದಿನ ಮಟ್ಟಿಗೆ ಪಾರಾದೆ. ಮನೆಗೆ ಹೋಗಿ ಓದಲು ಕುಳಿತವನಿಗೆ ಒಂದು ಸಾಲಿನ ಉತ್ತರದಲ್ಲಿ ಮುಗಿಯುವ ವಿಷಯ ಇದಲ್ಲ ಎಂದು ತಿಳಿಯಿತು. ಅಂದು ಕೊಟ್ಟ ಮಾತನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಸಲ್ಲಿಸುತ್ತಿದ್ದೇನೆ. ಪೋಷಕರೂ ಇದನ್ನು ಓದಬೇಕೆಂದು ನನ್ನ ಕೋರಿಕೆ.

ಹೆಸರುಗಳ ಕಥೆ

ಜಗಲಿಯ ಎರಡು ಸಾಲುಗಳಲ್ಲಿ ಕೆಳಗಿನದನ್ನು ಆಕ್ಟಿನೈಡುಗಳ ಸಾಲು ಎನ್ನುತ್ತಾರೆ. 89ನೆಯ ಮೂಲವಸ್ತು ಆಕ್ಟಿನಿಯಂನಿಂದ 103ನೆಯ ಲಾರೆನ್ಸಿಯಂವರೆಗೆ ಒಟ್ಟು 15 ಮೂಲವಸ್ತುಗಳು ಇದರಲ್ಲಿವೆ. 'ಆಕ್ಟಿಸ್' ಎಂದರೆ ಗ್ರೀಕ್ ಭಾಷೆಯಲ್ಲಿ ಕಿರಣ. ಈ ಕುಟುಂಬದವರೆಲ್ಲರೂ ತಾವಾಗಿಯೇ ಕಿರಣಗಳನ್ನು ಸೂಸುವವರು. ಈ ಗುಣಕ್ಕೆ ವಿಕಿರಣಶೀಲತೆ ಎಂದು ಹೆಸರು. ಪರಮಾಣುವಿನ ನಡುವಿನ ಬೀಜ ತೀರಾ ಭಾರವಾಗಿ, ಅದು ತನ್ನ ಭಾರವನ್ನು ತಾನೇ ತಾಳಲಾರದೆ ಸ್ವಲ್ಪ ಸ್ವಲ್ಪವೇ ಕಳಚಿಕೊಳ್ಳುತ್ತದೆ. ಹಾಗೆ ಕಳಚಿಕೊಳ್ಳುವಾಗ ಹೊರಬೀಳುವುದೇ ವಿಕಿರಣ.

ಇವರಲ್ಲಿ ಹಿರಿಯ ಯುರೇನಿಯಂ. ಇದನ್ನು 1789ರಲ್ಲಿ ಜರ್ಮನಿಯ ಕ್ಲಾಪ್ರೋತ್ ಗುರುತಿಸಿದನು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಪತ್ತೆಯಾಗಿದ್ದ ಯುರೇನಸ್ ಗ್ರಹದ ಹೆಸರನ್ನೇ ಇದಕ್ಕೂ ಕೊಟ್ಟನು. ಸ್ವೀಡನ್ನಿನ ಬರ್ಜೀಲಿಯಸ್ ಹೆಸರಿಟ್ಟ ಇನ್ನೊಂದು ಮೂಲವಸ್ತು ಥೋರಿಯಂ. ನಮಗೆ ಇಂದ್ರ ಹೇಗೋ ಆ ದೇಶದವರಿಗೆ ಥೋರ್ ಹಾಗೆ, ಗುಡುಗಿನ ದೇವತೆ. 1940ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ 93ನೆಯ ಮೂಲವಸ್ತು ತಯಾರಾಯಿತು. ಯುರೇನಸ್ಸಿನ ಆಚೆಗಿನ ಗ್ರಹ ನೆಪ್ಚೂನ್ ಆದ್ದರಿಂದ ಅದಕ್ಕೆ ನೆಪ್ಚೂನಿಯಂ ಎಂದು ಹೆಸರಾಯಿತು. ಅದರ ಬೆನ್ನಿಗೇ 94ನೆಯದು ಬಂತು. ಅದೇ ಪ್ಲುಟೋನಿಯಂ.

ಆಗ ಈ ಮೂಲವಸ್ತುಗಳು ಕೋಷ್ಟಕದ ಮುಖ್ಯ ಭಾಗದಲ್ಲೇ ಇದ್ದವು. ಥೋರಿಯಂ ಹಾಫ್ನಿಯಂನ ಕೆಳಗೆ, ಯುರೇನಿಯಂ ಟಂಗ್‌ಸ್ಟನ್ನಿನ ಕೆಳಗೆ ಕುಳಿತಿದ್ದವು. ಆದರೆ ಗ್ಲೆನ್ ಸೀಬೋರ್ಗ್ ಎಂಬ ತರುಣ ರಸಾಯನ ವಿಜ್ಞಾನಿಗೆ ಈ ವ್ಯವಸ್ಥೆ ಸರಿಕಾಣಲಿಲ್ಲ. ಹೊಸ ಮೂಲವಸ್ತುಗಳು ಕೋಷ್ಟಕದಲ್ಲಿ ತಮ್ಮ ಮೇಲಿದ್ದವರಂತೆ ವರ್ತಿಸುತ್ತಿರಲಿಲ್ಲ. ಅವು ಪರಸ್ಪರ ಹೋಲುತ್ತಿದ್ದವು. ಇವೆಲ್ಲ ಒಂದೇ ಕುಟುಂಬ, ಇವನ್ನು ಪ್ರತ್ಯೇಕ ಸಾಲಿನಲ್ಲಿ ಇಡಬೇಕು ಎಂದು 1944ರಲ್ಲಿ ಅವನು ಸೂಚಿಸಿದನು. ಹೀಗೆ ಹೇಳಿದರೆ ನಿನ್ನ ಹೆಸರು ಕೆಡುತ್ತದೆ ಎಂದು ಬಲ್ಲವರೇ ಅವನನ್ನು ಎಚ್ಚರಿಸಿದ್ದರು. ಆದರೆ ಪ್ರಯೋಗಗಳು ಅವನ ಮಾತನ್ನೇ ಸಮರ್ಥಿಸಿದವು. 1951ರಲ್ಲಿ ಅವನಿಗೂ ನೆಪ್ಚೂನಿಯಂ ಕಂಡುಹಿಡಿದ ಮ್ಯಾಕ್‌ಮಿಲನ್‌ನಿಗೂ ನೊಬೆಲ್ ಪಾರಿತೋಷಕ ಬಂತು.

ಮಗಳೇ, ಅಂದಿನ ನಿನ್ನ ಪ್ರಶ್ನೆಗೆ ಇದೇ ಉತ್ತರ. ಅವರನ್ನು ಜಗಲಿಗೆ ದೂಡಿದ್ದಲ್ಲ. ಅವರದು ಬೇರೆಯೇ ಸಂಸಾರ ಎಂದು ತಿಳಿದು ಬೇರೆ ಮನೆ ಕಟ್ಟಿಕೊಟ್ಟದ್ದು.

ಗ್ಯಾಸ್‌ಲೈಟಿನ ಬೆಳಕು

ಪ್ಲುಟೋನಿಯಂ, ಯುರೇನಿಯಂ ಎಂದರೆ ಎಲ್ಲಿಯೋ ದೂರದ ಮಾತು ಎಂದು ನಮಗೆ ತೋರುತ್ತದೆ. ಆದರೆ ಈ ಕುಟುಂಬದ ಒಬ್ಬ ಸದಸ್ಯ ನಮ್ಮ ಅಂಗಳಕ್ಕೂ ಬಂದುಹೋಗಿದ್ದಾನೆ.

ನಾನು ಚಿಕ್ಕವನಿದ್ದಾಗ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ತಾಳಮದ್ದಳೆಗೂ ಮದುವೆಯ ಚಪ್ಪರಕ್ಕೂ ಗ್ಯಾಸ್‌ಲೈಟ್ ತರುತ್ತಿದ್ದರು. ಅಜ್ಜ ಪಂಪು ಹೊಡೆದು ಅದನ್ನು ಹೊತ್ತಿಸುವಾಗ ಮಕ್ಕಳೆಲ್ಲ ಸುತ್ತ ನಿಲ್ಲುತ್ತಿದ್ದೆವು. ಒಳಗೆ ತೂಗುವ ಬಿಳಿಯ ಬಲೆಯ ಚೀಲಕ್ಕೆ ಮ್ಯಾಂಟಲ್ ಎಂದು ಹೆಸರು. ಒಮ್ಮೆ ಉರಿದ ಮೇಲೆ ಅದನ್ನು ಬೆರಳಿನಿಂದ ಮುಟ್ಟಿದರೆ ಬೂದಿಯಾಗಿ ಉದುರುತ್ತಿತ್ತು. "ಮುಟ್ಟಬೇಡ ಮಗಾ" ಎಂದು ಅಜ್ಜ ಗದರಿಸುತ್ತಿದ್ದರು.

ಆ ಚೀಲದ ಗುಟ್ಟು ಇದು. ಬಟ್ಟೆಯನ್ನು ಥೋರಿಯಂ ನೈಟ್ರೇಟಿನ ದ್ರಾವಣದಲ್ಲಿ ಅದ್ದಿ ಒಣಗಿಸುತ್ತಾರೆ. ಮೊದಲ ಸಲ ಹೊತ್ತಿಸಿದಾಗ ಬಟ್ಟೆ ಸುಟ್ಟುಹೋಗಿ ಥೋರಿಯಂ ಆಕ್ಸೈಡಿನ ಹಂದರ ಮಾತ್ರ ಉಳಿಯುತ್ತದೆ. 3000 ಡಿಗ್ರಿಗೂ ಕರಗದ ಈ ಹಂದರ ಸೀಮೆಎಣ್ಣೆಯ ಜ್ವಾಲೆಯಲ್ಲಿ ಕಾದು ಬೆಳ್ಳಗೆ ಬೆಳಗುತ್ತದೆ. ವಿಯೆನ್ನಾದ ಆವರ್ ಫಾನ್ ವೆಲ್ಸ್‌ಬಾಕ್ ಎಂಬ ರಸಾಯನ ವಿಜ್ಞಾನಿ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್ ಎಂಬ ಹದವನ್ನು ಕಂಡುಹಿಡಿದ ಮೇಲೆ ಲೋಕದ ಬೀದಿಗಳೆಲ್ಲ ಈ ದೀಪದಿಂದ ಬೆಳಗಿದವು.

ದೀಪಕ್ಕೆ ಥೋರಿಯಂ ಬೇಕು. ಅದು ಎಲ್ಲಿಂದ ಬರಬೇಕು? 1909ರಲ್ಲಿ ಷಾಂಬರ್ಗ್ ಎಂಬ ಜರ್ಮನ್ ತಜ್ಞ ತಿರುವಾಂಕೂರಿನಿಂದ ಹೋಗಿದ್ದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನ ಕಣಗಳನ್ನು ಪರೀಕ್ಷಿಸಿದನು. ಅದರಲ್ಲಿ ಮೋನಜೈಟ್ ಎಂಬ ಖನಿಜವಿತ್ತು. ಕೊಲ್ಲಂ ಜಿಲ್ಲೆಯ ಚವರ, ಕನ್ಯಾಕುಮಾರಿ ಜಿಲ್ಲೆಯ ಮಣವಾಳಕುರಿಚ್ಚಿ ಮೊದಲಾದ ಕಡಲತೀರಗಳ ಮರಳಿನಲ್ಲಿ ಈ ಖನಿಜ ಬೇಕಾದಷ್ಟಿದೆ. ನೂರು ಕಿಲೋ ಮೋನಜೈಟಿನಲ್ಲಿ ಸುಮಾರು 9 ಕಿಲೋದಷ್ಟು ಥೋರಿಯಂ ಆಕ್ಸೈಡ್ ಸಿಗುತ್ತದೆ. ಮುಂದೆ ಹಲವು ವರ್ಷ ಹಡಗುಗಳು ನಮ್ಮ ತೀರದಿಂದ ಮರಳನ್ನು ತುಂಬಿಕೊಂಡು ಹೋದವು. ಆ ದೇಶಗಳಲ್ಲಿ ಅದನ್ನು ಶುದ್ಧೀಕರಿಸಿ ಬೆಲೆಯುಳ್ಳ ವಸ್ತುವಾಗಿ ಮಾಡಿದರು. ಮರಳು ನಮ್ಮದಾಗಿತ್ತು, ವಿದ್ಯೆ ಅವರದಾಗಿತ್ತು. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿರಿ.

ಮೊದಲು ಜನ, ಆಮೇಲೆ ಯಂತ್ರ

1938ರ ಕೊನೆಯಲ್ಲಿ ಜರ್ಮನಿಯ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ತಾಗಿಸಿದಾಗ ಅದರ ಬೀಜ ಎರಡು ಹೋಳಾಗುವುದನ್ನು ಕಂಡರು. ಲೀಸ್ ಮೈಟ್ನರ್ ಮತ್ತು ಅವರ ಸೋದರಳಿಯ ಫ್ರಿಷ್ ಅದರ ಅರ್ಥವನ್ನು ವಿವರಿಸಿದರು. ಇದಕ್ಕೆ ವಿದಳನ ಎಂದು ಹೆಸರು. ದ್ವಿದಳ ಧಾನ್ಯದ ಬೇಳೆ ಎರಡಾಗುವುದನ್ನು ನೆನಪಿಸಿಕೊಂಡರೆ ಈ ಪದ ಮರೆಯುವುದಿಲ್ಲ. ಒಂದು ಬೀಜ ಒಡೆದಾಗ ಶಕ್ತಿಯೂ ಎರಡು ಮೂರು ಹೊಸ ನ್ಯೂಟ್ರಾನುಗಳೂ ಹೊರಬರುತ್ತವೆ. ಅವು ಮತ್ತೆ ಬೇರೆ ಬೀಜಗಳನ್ನು ಒಡೆಯುತ್ತವೆ. ಈ ಸರಣಿ ಹಿಡಿತದಲ್ಲಿದ್ದರೆ ವಿದ್ಯುತ್ತು. ಹಿಡಿತ ತಪ್ಪಿಸಿ ಬಿಟ್ಟರೆ ಬಾಂಬು. 1945ರ ಆಗಸ್ಟಿನಲ್ಲಿ ಹಿರೋಷಿಮಾ, ನಾಗಸಾಕಿಗಳಲ್ಲಿ ಲೋಕ ಕಂಡದ್ದು ಈ ಎರಡನೆಯ ಮುಖವನ್ನು.

ಅದಕ್ಕೂ ಮೊದಲೇ, 1944ರ ಮಾರ್ಚಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಂಶೋಧನೆ ನಡೆಸುತ್ತಿದ್ದ 34 ವರ್ಷದ ಹೋಮಿ ಭಾಭಾ ಅವರು ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ಭೌತವಿಜ್ಞಾನದ ಸಂಶೋಧನೆಗೆ ಒಂದು ಸಂಸ್ಥೆ ಬೇಕು ಎಂಬುದು ಅವರ ಬೇಡಿಕೆ. ಅದಕ್ಕೆ ಅವರು ಕೊಟ್ಟ ಕಾರಣ ಗಮನಿಸತಕ್ಕದ್ದು. ಇನ್ನು ಇಪ್ಪತ್ತು ವರ್ಷಗಳಲ್ಲಿ ಪರಮಾಣು ಶಕ್ತಿಯಿಂದ ವಿದ್ಯುತ್ತು ಬಂದಾಗ ಭಾರತ ತಜ್ಞರಿಗಾಗಿ ಪರದೇಶದ ಕಡೆಗೆ ನೋಡಬೇಕಾಗಬಾರದು, ಅವರು ಇಲ್ಲಿಯೇ ಸಿದ್ಧರಿರಬೇಕು ಎಂಬುದು ಅವರ ವಾದದ ತಿರುಳಾಗಿತ್ತು. ಆಗ ಲೋಕದಲ್ಲಿ ಎಲ್ಲಿಯೂ ಪರಮಾಣು ವಿದ್ಯುತ್ತು ಇರಲಿಲ್ಲ. ನಮಗೆ ಸ್ವಾತಂತ್ರ್ಯವೂ ಬಂದಿರಲಿಲ್ಲ. ಅವರ ಬೇಡಿಕೆಯಿಂದ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿ, ಅದೇ ವರ್ಷ ಮುಂಬಯಿಗೆ ಹೋಯಿತು.

1948ರಲ್ಲಿ ಪರಮಾಣು ಶಕ್ತಿ ಆಯೋಗ ರಚನೆಯಾಯಿತು. 1952ರಲ್ಲಿ ಕೇರಳದ ಆಲುವಾದಲ್ಲಿ ಮೋನಜೈಟ್ ಸಂಸ್ಕರಿಸುವ ಕಾರ್ಖಾನೆ ತೆರೆಯಿತು. 1955ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ ಥೋರಿಯಂ ಘಟಕ ಆರಂಭವಾಗಿ ಗ್ಯಾಸ್‌ಲೈಟಿನ ಮ್ಯಾಂಟಲ್ ಮಾಡುವವರಿಗೆ ಥೋರಿಯಂ ನೈಟ್ರೇಟ್ ಒದಗಿಸತೊಡಗಿತು. 1956ರ ಆಗಸ್ಟ್ 4ರಂದು 'ಅಪ್ಸರಾ' ಎಂಬ ನಮ್ಮ ಮೊದಲ ರಿಯಾಕ್ಟರ್ ಟ್ರಾಂಬೆಯಲ್ಲಿ ಕೆಲಸ ಆರಂಭಿಸಿತು. ನೀರಿನ ಕೊಳದಲ್ಲಿ ಮುಳುಗಿ ನೀಲಿ ಬೆಳಕು ಬೀರುವ ಅದಕ್ಕೆ ಆ ಹೆಸರಿಟ್ಟವರು ನೆಹರೂ ಅವರು.

ಮರುವರ್ಷ, ಅಂದರೆ 1957ರ ಆಗಸ್ಟಿನಲ್ಲಿ, ಟ್ರಾಂಬೆಯ ಸಂಸ್ಥೆಯ ತರಬೇತಿ ಶಾಲೆ ತೆರೆಯಿತು. ನನ್ನ ದೃಷ್ಟಿಯಲ್ಲಿ ಅಪ್ಸರೆಗಿಂತ ಇದು ದೊಡ್ಡ ಸಂಗತಿ. ಇದರ ಹೊಣೆ ಹೊತ್ತವರಲ್ಲಿ ಪ್ರಮುಖರು ನಮ್ಮ ತುಮಕೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರು. ಅವರು ಪರಮಾಣು ವಿಜ್ಞಾನಿ ಮಾತ್ರವಲ್ಲ, ಪಿಯಾನೋ ವಾದ್ಯದಲ್ಲಿಯೂ ನುರಿತವರಾಗಿದ್ದರು. ಶಾಲೆಯ ವ್ಯವಸ್ಥೆ ಸರಳವಾಗಿತ್ತು. ದೇಶದ ಎಲ್ಲ ಕಡೆಗಳಿಂದ ವಿಜ್ಞಾನ ಮತ್ತು ಇಂಜಿನಿಯರಿಂಗ್ ಪದವೀಧರರನ್ನು ಆರಿಸುವುದು, ಒಂದು ವರ್ಷ ಭತ್ಯೆ ಕೊಟ್ಟು ಕಲಿಸುವುದು, ತೇರ್ಗಡೆಯಾದವರಿಗೆ ಕೆಲಸ ಕೊಡುವುದು. ಪಾಠ ಹೇಳುವವರು ಪ್ರಯೋಗಶಾಲೆಯಲ್ಲಿ ಸ್ವತಃ ಕೆಲಸ ಮಾಡುವ ವಿಜ್ಞಾನಿಗಳೇ. ರಸಾಯನ ಓದಿ ಬಂದವನು ರಿಯಾಕ್ಟರಿನ ಲೆಕ್ಕವನ್ನೂ ಕಲಿಯಬೇಕು, ಇಂಜಿನಿಯರನು ವಿಕಿರಣದಿಂದ ದೇಹಕ್ಕೆ ಆಗುವ ಹಾನಿಯನ್ನೂ ಅರಿಯಬೇಕು. ಬಡವರ ಮನೆಯ ಮಕ್ಕಳಿಗೆ ಆ ಭತ್ಯೆ ಎಷ್ಟು ದೊಡ್ಡ ಆಸರೆಯಾಗಿತ್ತು ಎಂಬುದನ್ನು ಪೋಷಕರು ಊಹಿಸಬಲ್ಲರು. 1963ರಲ್ಲಿ ಇಲ್ಲಿಗೆ ಸೇರಿದ ಅನಿಲ್ ಕಾಕೋಡ್ಕರ್ ಅವರು 2000ದಿಂದ 2009ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು.

ಕಲಿಸುವುದೇನು?

ಇಷ್ಟು ಓದಿ ಬಂದವರಿಗೆ ಮತ್ತೆ ಒಂದು ವರ್ಷ ಯಾಕೆ ಕಲಿಸಬೇಕು ಎಂದು ನೀವು ಕೇಳಬಹುದು. ಆಕ್ಟಿನೈಡುಗಳ ಸ್ವಭಾವವೇ ಅದಕ್ಕೆ ಕಾರಣ.

ಪ್ಲುಟೋನಿಯಂ ಸೂಸುವುದು ಹೆಚ್ಚಾಗಿ ಆಲ್ಫಾ ಕಣಗಳನ್ನು. ಒಂದು ಹಾಳೆ ಕಾಗದ ಅವನ್ನು ತಡೆಯುತ್ತದೆ. ಹಾಗಾದರೆ ಅಪಾಯವಿಲ್ಲವೇ? ಇದೆ. ಅದರ ಧೂಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಕುಳಿತರೆ ಒಳಗಿನಿಂದಲೇ ದೇಹವನ್ನು ಸುಡುತ್ತದೆ. ಆದುದರಿಂದ ಅದನ್ನು ಗ್ಲೋವ್ ಬಾಕ್ಸ್ ಎಂಬ ಮುಚ್ಚಿದ ಪೆಟ್ಟಿಗೆಯೊಳಗೆ ಇಟ್ಟು ಕೆಲಸ ಮಾಡುತ್ತಾರೆ. ಪೆಟ್ಟಿಗೆಯ ಗೋಡೆಗೇ ಉದ್ದ ತೋಳಿನ ರಬ್ಬರ್ ಕೈಚೀಲಗಳನ್ನು ಜೋಡಿಸಿರುತ್ತಾರೆ. ಅದರೊಳಗೆ ಕೈ ಹಾಕಿ, ಗಾಜಿನ ಮೂಲಕ ನೋಡುತ್ತಾ, ಕೈಯ ಸ್ಪರ್ಶ ಸರಿಯಾಗಿ ತಿಳಿಯದೆಯೇ ತೂಗಬೇಕು, ಸುರಿಯಬೇಕು, ಬೆರೆಸಬೇಕು. ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆ ಇಡುತ್ತಾರೆ. ಎಲ್ಲಿಯಾದರೂ ತೂತು ಬಿದ್ದರೆ ಹೊರಗಿನ ಗಾಳಿ ಒಳಗೆ ಹೋಗಬೇಕೇ ಹೊರತು ಒಳಗಿನ ಧೂಳು ಹೊರಗೆ ಬರಬಾರದು. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಕೈಗೆ ರೂಢಿಸುವುದು ಬೇರೆ. ಚೆಂಡೆಯ ತಾಳ ಪುಸ್ತಕದಿಂದ ಬರುವುದಿಲ್ಲ ಎಂಬುದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಗುರುಗಳ ಮುಂದೆ ಕುಳಿತೇ ಬರಬೇಕು.

ಎರಡನೆಯ ವಿಷಯ ಪ್ರಮಾಣ ಮತ್ತು ಪಾತ್ರೆ. ವಿದಳನವಾಗಬಲ್ಲ ವಸ್ತು ಒಂದೇ ಕಡೆ ಒಂದು ಮಿತಿಗಿಂತ ಹೆಚ್ಚು ಸೇರಿದರೆ ಬೆಂಕಿಯಿಲ್ಲದೆ, ಶಬ್ದವಿಲ್ಲದೆ ಸರಣಿ ಕ್ರಿಯೆ ಆರಂಭವಾಗುತ್ತದೆ. ಅಷ್ಟೇ ದ್ರಾವಣ ಸಪೂರವಾದ ಕೊಳವೆಯಲ್ಲಿದ್ದರೆ ನ್ಯೂಟ್ರಾನುಗಳು ಹೊರಗೆ ಹಾರಿಹೋಗುತ್ತವೆ, ಅಪಾಯವಿಲ್ಲ. ಅಗಲವಾದ ಹಂಡೆಯಲ್ಲಿ ಸುರಿದರೆ ಅವು ಒಳಗೇ ಉಳಿದು ಸರಣಿ ಹೊತ್ತಿಕೊಳ್ಳುತ್ತದೆ.

ಇದನ್ನು ಕಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಟೋಕಾಯ್ ಮುರಾ ಎಂಬ ಊರಿನ ಘಟನೆಯನ್ನು ನೆನೆಯಬೇಕು. 1999ರ ಸೆಪ್ಟೆಂಬರ್ 30ರಂದು ಅಲ್ಲಿನ ಇಂಧನ ಕಾರ್ಖಾನೆಯೊಂದರಲ್ಲಿ ಕೆಲಸ ಬೇಗ ಮುಗಿಯಲೆಂದು ಕಾರ್ಮಿಕರು ಯುರೇನಿಯಂ ದ್ರಾವಣವನ್ನು ಬಕೆಟಿನಲ್ಲಿ ತಂದು ಅಗಲವಾದ ತೊಟ್ಟಿಗೆ ಸುರಿದರು. ಅದರಲ್ಲಿ ಇರಬಹುದಾಗಿದ್ದ ಯುರೇನಿಯಂ 2.4 ಕಿಲೋ. ಸುರಿದದ್ದು 16 ಕಿಲೋಗೂ ಹೆಚ್ಚು. ನೀಲಿ ಬೆಳಕೊಂದು ಮಿಂಚಿತು. ಸರಣಿ ಕ್ರಿಯೆ ಸುಮಾರು 20 ಗಂಟೆಗಳ ಕಾಲ ನಿಲ್ಲಲಿಲ್ಲ. ಸುತ್ತಲಿನ ಮೂರು ಲಕ್ಷ ಜನ ಮನೆಯೊಳಗೇ ಇರಬೇಕಾಯಿತು. ಸುರಿಯುತ್ತಿದ್ದ ಇಬ್ಬರು ಕೆಲವು ತಿಂಗಳುಗಳಲ್ಲಿ ತೀರಿಕೊಂಡರು. ಯಾಕೆ ಸುರಿಯಬಾರದು ಎಂಬುದನ್ನು ಆ ಕಾರ್ಮಿಕರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಜಪಾನಿನಂತಹ ಮುಂದುವರಿದ ದೇಶದಲ್ಲಿ, ಯಂತ್ರಗಳಿಗೆ ಯಾವ ಕೊರತೆಯೂ ಇಲ್ಲದ ಕಡೆಯಲ್ಲಿ, ಪಾಠ ಒಂದು ತಪ್ಪಿದ್ದಕ್ಕೆ ಎರಡು ಜೀವ ಹೋಯಿತು.

'ಕೊಡುವುದಿಲ್ಲ' ಎಂದಾಗ

1974ರ ಮೇ 18ರಂದು ಭಾರತ ರಾಜಸ್ಥಾನದ ಪೋಖ್ರಾನಿನಲ್ಲಿ ಪರಮಾಣು ಸ್ಫೋಟದ ಪರೀಕ್ಷೆ ನಡೆಸಿತು. ಅದು ಸರಿಯೇ ತಪ್ಪೇ ಎಂಬ ಚರ್ಚೆ ಇಲ್ಲಿ ಬೇಡ. ಅದರ ಪರಿಣಾಮವನ್ನು ಮಾತ್ರ ನೋಡೋಣ. ನೆರವು ಕೊಡುತ್ತಿದ್ದ ದೇಶಗಳು ಕೈ ಹಿಂದೆಗೆದವು. ಕೆನಡಾ ಅರ್ಧದಲ್ಲಿ ಬಿಟ್ಟ ರಾಜಸ್ಥಾನದ ಎರಡನೆಯ ವಿದ್ಯುತ್ ಘಟಕವನ್ನು ನಮ್ಮ ಇಂಜಿನಿಯರುಗಳೇ ಮುಗಿಸಿದರು. 1981ರಲ್ಲಿ ಅದು ವಾಣಿಜ್ಯ ಪ್ರಮಾಣದಲ್ಲಿ ವಿದ್ಯುತ್ತು ಕೊಡತೊಡಗಿತು.

ಇದಕ್ಕಿಂತ ಕಠಿಣವಾದ ಪರೀಕ್ಷೆ ತಮಿಳುನಾಡಿನ ಕಲ್ಪಾಕಂನಲ್ಲಿ ಬಂತು. ಅಲ್ಲಿ ಫ್ರಾನ್ಸಿನ ಮಾದರಿಯಲ್ಲಿ ಒಂದು ವೇಗೋತ್ಪಾದಕ ರಿಯಾಕ್ಟರ್ ಕಟ್ಟುತ್ತಿದ್ದರು. ತಾನು ಸುಡುವುದಕ್ಕಿಂತ ಹೆಚ್ಚು ಹೊಸ ಇಂಧನವನ್ನು ಹುಟ್ಟಿಸಬಲ್ಲ ರಿಯಾಕ್ಟರುಗಳ ಜಾತಿ ಇದು. ಅದಕ್ಕೆ ಬೇಕಾದ ಸಂವರ್ಧಿತ ಯುರೇನಿಯಂ ಫ್ರಾನ್ಸಿನಿಂದ ಬರಬೇಕಾಗಿತ್ತು, ಬರಲಿಲ್ಲ. ಕಟ್ಟಡ ಇದೆ, ಇಂಧನ ಇಲ್ಲ. ಆಗ ನಮ್ಮ ವಿಜ್ಞಾನಿಗಳು ಬೇರೆ ದಾರಿ ಹುಡುಕಿದರು. 70 ಪಾಲು ಪ್ಲುಟೋನಿಯಂ ಕಾರ್ಬೈಡ್, 30 ಪಾಲು ಯುರೇನಿಯಂ ಕಾರ್ಬೈಡ್ ಬೆರೆಸಿದ ಹೊಸ ಇಂಧನವನ್ನು ಟ್ರಾಂಬೆಯಲ್ಲಿ ತಯಾರಿಸಿದರು. ಇಂತಹ ಮಿಶ್ರಣದಿಂದ ರಿಯಾಕ್ಟರನ್ನು ನಡೆಸಿದವರು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಗಾಳಿ ತಾಗಿದರೆ ಹೊತ್ತಿಕೊಳ್ಳುವ ಪುಡಿ ಅದು. ಆಮ್ಲಜನಕವೂ ತೇವವೂ ಇಲ್ಲದ ಗ್ಲೋವ್ ಬಾಕ್ಸಿನೊಳಗೇ ಅದರ ಎಲ್ಲ ಕೆಲಸ ನಡೆಯಬೇಕು. 1985ರ ಅಕ್ಟೋಬರ್ 18ರಂದು ಆ ಇಂಧನದಿಂದ ಕಲ್ಪಾಕಂನ ರಿಯಾಕ್ಟರ್ ಚಾಲನೆಗೊಂಡಿತು.

ಯೋಚಿಸಿ ನೋಡಿ. ಇದು ಸಾಧ್ಯವಾದದ್ದು 1974ರಲ್ಲಿ ತಟ್ಟನೆ ಹುಟ್ಟಿದ ಜಾಣ್ಮೆಯಿಂದಲ್ಲ. 1957ರಿಂದ ವರ್ಷ ವರ್ಷವೂ ತರುಣರನ್ನು ಕೂರಿಸಿ ಪ್ಲುಟೋನಿಯಂನ ರಸಾಯನವನ್ನು ಕಲಿಸಿದ್ದರಿಂದ. ಬಾಯಾರಿದಾಗ ಬಾವಿ ತೋಡಿದರೆ ಆಗದು ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಭಾಭಾ ಅವರು 1966ರ ಜನವರಿಯಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಅವರು ತೋಡಿಟ್ಟ ಬಾವಿಯ ನೀರು ಇಪ್ಪತ್ತು ವರ್ಷಗಳ ಮೇಲೆ ದೇಶಕ್ಕೆ ಒದಗಿತು.

ನಮ್ಮ ಕರಾವಳಿಯ ಮರಳಿನ ಕಥೆಯೂ ಹೀಗೆಯೇ ಮುಂದುವರಿಯಿತು. ಥೋರಿಯಂ ನೇರವಾಗಿ ಉರಿಯುವ ಇಂಧನವಲ್ಲ. ರಿಯಾಕ್ಟರಿನಲ್ಲಿ ಅದು ಒಂದು ನ್ಯೂಟ್ರಾನನ್ನು ನುಂಗಿ, ಮೊದಲು ಪ್ರೊಟ್ಯಾಕ್ಟಿನಿಯಂ ಆಗಿ, ಕೆಲವು ವಾರಗಳಲ್ಲಿ ಯುರೇನಿಯಂ-233 ಆಗಿ ಮಾರ್ಪಡುತ್ತದೆ. ಅದು ಇಂಧನ. ಕಲ್ಪಾಕಂನಲ್ಲಿ 1996ರಲ್ಲಿ ಆರಂಭವಾದ 'ಕಾಮಿನಿ' ಎಂಬ ಪುಟ್ಟ ರಿಯಾಕ್ಟರ್ ಈ ಯುರೇನಿಯಂ-233ರಿಂದಲೇ ನಡೆಯಿತು. ಅಂದು ಬರಿಯ ಮರಳಾಗಿ ಹಡಗು ಹತ್ತಿ ಹೋಗುತ್ತಿದ್ದ ವಸ್ತುವಿನಿಂದ ನಮ್ಮವರು ತಾವೇ ಇಂಧನ ಮಾಡಿದರು. ನಡುವೆ ಬಂದದ್ದು ವಿದ್ಯೆ.

ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ

ಪೋಷಕರಲ್ಲಿ ಅನೇಕರಿಗೆ ಪರಮಾಣು ಎಂದರೆ ಭಯ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬರುವುದನ್ನು ಡಾ. ಶಿವರಾಮ ಕಾರಂತರು ವಿರೋಧಿಸಿದರು. 1989ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಅಲ್ಲಿಂದ ಲೋಕಸಭೆಯ ಚುನಾವಣೆಗೂ ನಿಂತರು. ಗೆಲ್ಲಲಿಲ್ಲ, ಆದರೆ ಪ್ರಶ್ನೆ ಕೇಳುವುದನ್ನು ನಾಡಿಗೆ ಕಲಿಸಿದರು. 1994ರಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಘಟಕದ ಗುಮ್ಮಟದ ಒಳಭಾಗ ಕುಸಿದುಬಿತ್ತು. ಆಗ ಅಲ್ಲಿ ಇಂಧನ ಇರಲಿಲ್ಲ. ಅದನ್ನು ಹೊಸದಾಗಿ ವಿನ್ಯಾಸ ಮಾಡಿ ಕಟ್ಟಿದರು. ಅದೇ ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ ಕೊನೆಗೆ ಒಂದು ದಿನವೂ ನಿಲ್ಲದೆ 962 ದಿನ ನಡೆದು ಆ ಕಾಲಕ್ಕೆ ವಿಶ್ವದಾಖಲೆ ಮಾಡಿತು. ಎರಡೂ ನಿಜ. ಎರಡನ್ನೂ ನಾವು ತಿಳಿದಿರಬೇಕು.

ಆದರೆ ಒಂದು ಮಾತನ್ನು ಇಬ್ಬರೂ ಒಪ್ಪಬೇಕಾಗುತ್ತದೆ. ವಿಕಿರಣವಸ್ತುವಿನ ಅರ್ಧ ಭಾಗ ಕಳೆದುಹೋಗಲು ಹಿಡಿಯುವ ಕಾಲಕ್ಕೆ ಅರ್ಧಾಯು ಎನ್ನುತ್ತಾರೆ. ಪ್ಲುಟೋನಿಯಂ-239ರ ಅರ್ಧಾಯು 24,000 ವರ್ಷಕ್ಕೂ ಹೆಚ್ಚು. ಇಂದು ಒಂದು ಕಿಲೋ ಇದ್ದರೆ ಅಷ್ಟು ವರ್ಷಗಳ ನಂತರವೂ ಅರ್ಧ ಕಿಲೋ ಉಳಿದಿರುತ್ತದೆ. ನಾಳೆಯೇ ಲೋಕದ ಎಲ್ಲ ರಿಯಾಕ್ಟರುಗಳನ್ನು ಮುಚ್ಚಿದರೂ ಈಗಾಗಲೇ ತಯಾರಾಗಿರುವ ಆಕ್ಟಿನೈಡುಗಳು ಎಲ್ಲಿಗೂ ಹೋಗುವುದಿಲ್ಲ. ಅವನ್ನು ಕಾಯುವವರು, ಅಳೆಯುವವರು, ನೀರಿಗೂ ಮಣ್ಣಿಗೂ ಸೇರದಂತೆ ಗಾಜಿನಲ್ಲಿ ಬಂಧಿಸುವವರು ಬೇಕೇ ಬೇಕು. ಸ್ಥಾವರ ಬೇಕು ಎನ್ನುವವರಿಗೆ ನಡೆಸಲು ತಜ್ಞರು ಬೇಕು. ಬೇಡ ಎನ್ನುವವರಿಗೆ ಮುಚ್ಚಲು ತಜ್ಞರು ಬೇಕು. ಹೇಳಿದ್ದು ಸರಿಯೇ ಎಂದು ಪರೀಕ್ಷಿಸಿ ನೋಡಲೂ ಬಲ್ಲವರೇ ಬೇಕು.

ಯುರೋಪಿನಲ್ಲಿ ಈ ಚಿಂತೆ ತಲೆದೋರಿತ್ತು. ಹಲವು ದೇಶಗಳಲ್ಲಿ ಹೊಸ ಸ್ಥಾವರಗಳು ನಿಂತುಹೋದಾಗ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಓದುವವರೂ ಕಡಿಮೆಯಾದರು. ಹಳೆಯ ಪ್ರಾಧ್ಯಾಪಕರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಪ್ಲುಟೋನಿಯಂ ಮುಟ್ಟಲು ಅನುಮತಿಯಿರುವ ಪ್ರಯೋಗಶಾಲೆಗಳೂ ಬೆರಳೆಣಿಕೆಯಷ್ಟೇ. ಆದುದರಿಂದ 2004ರಲ್ಲಿ 'ಆಕ್ಟಿನೆಟ್' ಎಂಬ ಒಂದು ಕೂಟವನ್ನು ಕಟ್ಟಿ, ಜರ್ಮನಿಯ ಕಾರ್ಲ್ಸ್‌ರೂಹೆಯಂತಹ ದೊಡ್ಡ ಪ್ರಯೋಗಶಾಲೆಗಳ ಬಾಗಿಲನ್ನು ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳಿಗೆ ತೆರೆದರು. ಯಂತ್ರ ಹಳತಾದರೆ ಹೊಸದನ್ನು ಕೊಳ್ಳಬಹುದು. ಗುರುಶಿಷ್ಯರ ಸಾಲು ಒಂದು ತಲೆಮಾರು ಕಡಿದರೆ ಅದನ್ನು ಅಂಗಡಿಯಲ್ಲಿ ಕೊಳ್ಳಲಾಗದು.

ನಮ್ಮ ದೇಶದಲ್ಲಿಯೂ ತರಬೇತಿ ಶಾಲೆಯೊಂದೇ ಸಾಲದೆಂದು ಬೇರೆ ಏರ್ಪಾಡುಗಳಾದವು. ವಿಶ್ವವಿದ್ಯಾಲಯಗಳ ಅಧ್ಯಾಪಕರ ಸಂಶೋಧನೆಗೆ ಪರಮಾಣು ವಿಜ್ಞಾನ ಸಂಶೋಧನಾ ಮಂಡಲಿ ಹಣ ಒದಗಿಸುತ್ತ ಬಂದಿದೆ. 2005ರಲ್ಲಿ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. 2007ರಲ್ಲಿ ಒಡಿಶಾದ ಭುವನೇಶ್ವರದಲ್ಲಿ ಪ್ಲಸ್ ಟು ಮುಗಿಸಿದ ಮಕ್ಕಳಿಗಾಗಿಯೇ 'ನೈಸರ್' ಎಂಬ ವಿಜ್ಞಾನ ಶಿಕ್ಷಣ ಸಂಸ್ಥೆ ತೆರೆಯಿತು.

ಕನ್ನಡ ಮಾಧ್ಯಮದ ಮಕ್ಕಳಿಗೆ

ಮರುದಿನ ನಾನು ಜಗಲಿಯ ಪ್ರಶ್ನೆಗೆ ಉತ್ತರ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಇದೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ ಅಲ್ಲವೇ?" ಎಂದ. ಈ ಬಾರಿ ಯಾರೂ ನಗಲಿಲ್ಲ. ಅವನ ಮಾತು ಇಡೀ ತರಗತಿಯ ಮಾತಾಗಿತ್ತು. ನಮ್ಮ ಗಡಿನಾಡಿನಲ್ಲಿ ಅನೇಕ ತಂದೆತಾಯಿಯರ ಮಾತೂ ಅದೇ.

ನಾನು ಕನ್ನಡ, ಮಲಯಾಳ ಎರಡರಲ್ಲೂ ಪಾಠ ಕೇಳಿ ಬೆಳೆದವನು. ಪ್ರಿ-ಡಿಗ್ರಿಗೆ ಹೋದಾಗ ಎಲ್ಲವೂ ಇಂಗ್ಲಿಷ್. ಮೊದಲ ಮೂರು ತಿಂಗಳು ಕಣ್ಣು ಕತ್ತಲೆ ಕಟ್ಟಿದ್ದು ನಿಜ. ಆಗ ನಾನೊಂದು ನೂರು ಪುಟದ ನೋಟ್‌ಪುಸ್ತಕ ಇಟ್ಟುಕೊಂಡೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ನಾನು ಹೈಸ್ಕೂಲಿನಲ್ಲಿ ಕಲಿತ ಕನ್ನಡ ಪದ. ಆಗ ತಿಳಿಯಿತು, ಅರ್ಥ ನನ್ನ ಬಳಿ ಮೊದಲೇ ಇತ್ತು, ಹೆಸರು ಮಾತ್ರ ಹೊಸದು. ಅರ್ಥವಿಲ್ಲದೆ ಹೆಸರು ಮಾತ್ರ ಬಾಯಿಪಾಠ ಮಾಡಿದವರಿಗೆ ನನಗಿಂತ ಹೆಚ್ಚು ಕಷ್ಟವಾಯಿತು. ವಿದಳನ ಎಂಬ ಪದ ಬೇಳೆಯನ್ನು ನೆನಪಿಸುವಂತೆ ಇಂಗ್ಲಿಷ್ ಪದ ನಮ್ಮ ಮಗುವಿಗೆ ಏನನ್ನೂ ನೆನಪಿಸುವುದಿಲ್ಲ. ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳನ್ನು ಕನ್ನಡದಲ್ಲಿ ಬರೆದದ್ದು ಇದೇ ಕಾರಣಕ್ಕಾಗಿ ಇರಬೇಕು. ಇಂಗ್ಲಿಷನ್ನು ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದಲ್ಲಿ ಅರ್ಥವಾದ ವಿಜ್ಞಾನ ಎಂದೂ ದಂಡವಾಗುವುದಿಲ್ಲ.

ಆಸಕ್ತಿಯುಳ್ಳವರಿಗೆ ದಾರಿ ಹೀಗಿದೆ. ಹತ್ತನೆಯ ತರಗತಿಯ ನಂತರ ಪ್ಲಸ್ ಟುವಿನಲ್ಲಿ ವಿಜ್ಞಾನ ಮತ್ತು ಗಣಿತ. ಆಮೇಲೆ ಬಿ.ಎಸ್ಸಿ., ಎಂ.ಎಸ್ಸಿ. ಅಥವಾ ಇಂಜಿನಿಯರಿಂಗ್ ಪದವಿ. ಅದರ ನಂತರ ತರಬೇತಿ ಶಾಲೆಯ ಆಯ್ಕೆ. ಐ.ಟಿ.ಐ., ಡಿಪ್ಲೊಮಾ ಓದಿದವರಿಗೂ ಭತ್ಯೆಸಹಿತ ತರಬೇತಿ ಕೊಟ್ಟು ಸ್ಥಾವರಗಳಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿ ಇದೆ. ನಮ್ಮ ಮಕ್ಕಳೆಲ್ಲ ಪರಮಾಣು ವಿಜ್ಞಾನಿಗಳಾಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ 'ಇದು ನಮಗಲ್ಲ' ಎಂದು ಬಾಗಿಲನ್ನು ನಾವೇ ಮುಚ್ಚಿಕೊಳ್ಳಬಾರದು. ಪೋಷಕರೇ, ಮಗು ಪ್ರಶ್ನೆ ಕೇಳಿದಾಗ "ಸುಮ್ಮನಿರು" ಎನ್ನಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ನನ್ನ ಹಾಗೆ "ನಾಳೆ ಹೇಳುತ್ತೇನೆ" ಎನ್ನಿ. ಆದರೆ ಮರುದಿನ ತಪ್ಪದೆ ಹೇಳಿ.

ಅಜ್ಜನ ಗ್ಯಾಸ್‌ಲೈಟಿನ ಮ್ಯಾಂಟಲ್ ಮುಟ್ಟಿದರೆ ಬೂದಿಯಾಗುತ್ತಿತ್ತು. ಪಂಪು ಹೊಡೆಯುವ ಹದ ತಿಳಿದ ಅಜ್ಜನ ಕೈಯಲ್ಲಿ ಅದೇ ಮ್ಯಾಂಟಲ್ ಬೆಳಗಿನ ತನಕ ಅಂಗಳವನ್ನು ಬೆಳಗುತ್ತಿತ್ತು. ವಸ್ತು ಅದೇ, ಬಲ್ಲವನ ಕೈ ಬೇರೆ.

ಯೋಚಿಸಿ ಉತ್ತರಿಸಿ

1. ಆಕ್ಟಿನೈಡುಗಳನ್ನು ಕೋಷ್ಟಕದಲ್ಲಿ ಪ್ರತ್ಯೇಕ ಸಾಲಿನಲ್ಲಿ ಇಟ್ಟವರು ಯಾರು? ಯಾಕೆ?
2. ಗ್ಲೋವ್ ಬಾಕ್ಸಿನ ಒಳಗಿನ ಗಾಳಿಯ ಒತ್ತಡವನ್ನು ಕಡಿಮೆ ಇಡುವುದೇಕೆ?
3. ಒಂದೇ ಪ್ರಮಾಣದ ದ್ರಾವಣ ಸಪೂರ ಕೊಳವೆಯಲ್ಲಿ ಸುರಕ್ಷಿತ, ಅಗಲ ತೊಟ್ಟಿಯಲ್ಲಿ ಅಪಾಯ. ಕಾರಣ ತಿಳಿಸಿ.
4. ಪ್ಲುಟೋನಿಯಂ-239ರ ಅರ್ಧಾಯು 24,000 ವರ್ಷವೆಂದು ಇಟ್ಟುಕೊಂಡರೆ, ಇಂದಿನ 1 ಕಿಲೋದಲ್ಲಿ 48,000 ವರ್ಷಗಳ ನಂತರ ಎಷ್ಟು ಉಳಿಯುತ್ತದೆ?
5. ನಿಮ್ಮ ಮನೆಯ ಹಿರಿಯರನ್ನು ಕೇಳಿ ಗ್ಯಾಸ್‌ಲೈಟ್ ಹೊತ್ತಿಸುವ ಕ್ರಮವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.